ಉಗುರಿನ ಕಿಂಡಿ

ಹೋದ ವಾರ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಊರು ದಾಟಿ ಸ್ವಲ್ಪ ದೂರದಲ್ಲಿ, ರಸ್ತೆ ಪಕ್ಕ, ಚೆಂಡುಹೂವಿನ ದೊಡ್ಡ ರಾಶಿಯೊಂದು ಮಳೆಗೆ ನೆನೆದು ಕೊಳೆಯುತ್ತಾ ಬಿದ್ದಿತ್ತು. ತುಂಬಬೇಕಾಗಿದ್ದ ಲಾರಿ ಬರಲಿಲ್ಲವೋ ಏನೋ, ಯಾರೋ ಹಾಗೇ ಬಿಟ್ಟು ಹೋಗಿದ್ದರು. ಸರಿಯಾಗಿ ಅದರ ಮುಂದೆಯೇ ಬಸ್ಸು ನಿಲ್ಲಬೇಕೆ? ಎದುರಿಗೆ ಕುರಿಮಂದೆ. ಸಿಹಿಯೂ ಕೊಳಕೂ ಎರಡೂ ಸೇರಿ ಗಂಟಲಲ್ಲಿ ಕೂತುಬಿಡುವ ಆ ವಾಸನೆ ಒಳಗೆ ನುಗ್ಗಿದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಸೆರಗು, ಟವಲ್ಲು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡರು. ನಾನೊಬ್ಬಳು ಕಿಟಕಿಯ ಗಾಜನ್ನು ಪೂರ್ತಿ ಸರಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ರೇಗಿಹೋಯಿತು. "ಏನಮ್ಮಾ ನೀನು, ಮೂಗಿಲ್ವಾ ನಿಂಗೆ?" ಅಂದಳು. "ಅದೆ ಕಣವ್ವ, ಅದುಕ್ಕೇ ತಗ್ದಿದ್ದು," ಅಂದೆ. ಪಾಪ, ಆಕೆಗೇನು ಗೊತ್ತು. ಅದು ನನ್ನ ಗೌರತ್ತೆಯ ವಾಸನೆ. ಬೆಳಗ್ಗೆ ಎದ್ದು ಕೂತು ಮೊದಲ ಸಲ ಕೆಮ್ಮಿದಾಗ ಅವಳ ಬಾಯಿಂದ ಬರುತ್ತಿದ್ದದ್ದು ಅದೇ. ಇಷ್ಟು ವರ್ಷ ಹೊರಗೆಲ್ಲೂ ಸಿಗದೇ ಇದ್ದದ್ದು ಹಾದಿಬದಿಯಲ್ಲಿ ಸಿಕ್ಕಿತು, ನಾನು ಮೂಗು ಮುಚ್ಚಿಕೊಳ್ಳಲೇ?

ಹರವೆ ಕಡೆ ನಮ್ಮದು ನಾಡಹೆಂಚಿನ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಮೊಣಕಾಲೆತ್ತರದ ಜಗಲಿ, ಜಗಲಿಯ ಹಿಂದೆ ಕತ್ತಲೆ ಕೋಣೆಗಳು. ಕೋಣೆಗಳ ತುಂಬ ಅರಿಸಿನದ ಮೂಟೆ. ಆ ಮನೆಯಲ್ಲಿ ಎಲ್ಲವೂ ಒಂದು ಚೂರು ಹಳದಿಯಾಗಿಯೇ ಇರುತ್ತಿತ್ತು, ನೀರಿನ ಹಂಡೆ, ಬೆಕ್ಕಿನ ಕಾಲು, ನನ್ನ ಸ್ಕೂಲಿನ ಬಿಳಿ ಲಂಗ. ಇದ್ದವರು ಐದೇ ಜನ: ತಾತ, ಅಪ್ಪ, ಅವ್ವ, ಅಪ್ಪನ ತಂಗಿ ಗೌರತ್ತೆ, ನಾನು. ಅಜ್ಜಿ ಸಾಕಮ್ಮನನ್ನು ನಾನು ನೋಡಿದವಳಲ್ಲ. ಗೌರತ್ತೆಗೆ ಒಂದೂವರೆ ವರ್ಷವಿದ್ದಾಗಲೇ ಆಕೆ ತೀರಿಕೊಂಡಿದ್ದಳು. ಹೊಲದ ಮೂಲೆಯಲ್ಲಿ ಕೂರಿಸಿ ಮಣ್ಣು ಮಾಡುವಾಗ ತಾತ ಗುಂಡಿಯ ತುಂಬ ಚೆಂಡುಹೂ ಸುರಿಸಿದರಂತೆ, ಮುಖ ಮುಚ್ಚುವ ಹಾಗೆ. ಊರಿನವರು ಅದನ್ನು ಬಹಳ ದಿನ ಆಡಿಕೊಂಡರಂತೆ, ಹೆಂಡತಿ ಮೇಲೆ ಇಷ್ಟು ಆಸೆ ಯಾವ ಗಂಡಸಿಗಿರ್ತದೆ ಅಂತ. ಈ ಹೂವಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗೌರತ್ತೆಗೆ ಆಗ ಇಪ್ಪತ್ನಾಲ್ಕು ಇಪ್ಪತ್ತೈದು. ನನಗೆ ಎಂಟು. ಅವಳಿಗೆ ಮದುವೆಯಾಗಿರಲಿಲ್ಲ. ಗಂಡಿನವರು ಬರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, ಅವಳು ಒಳಗಿನಿಂದ ಕೆಮ್ಮುತ್ತಿದ್ದಳು, ಅವರು ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುತ್ತಿದ್ದರು. ಅಷ್ಟೆ. ಅದನ್ನು ಹೇಳಿ ಅವಳೇ ನಗುತ್ತಿದ್ದಳು. ನಗು ಜೋರಾದರೆ ಮತ್ತೆ ಕೆಮ್ಮು. ಮಧ್ಯಾಹ್ನ ಗಾಜಿನ ಹೆಂಚಿನಿಂದ ಬಿಸಿಲಿನ ಕೋಲು ಜಗಲಿಗೆ ಬೀಳುತ್ತಿತ್ತಲ್ಲ, ಅದರ ಪಕ್ಕ ನಾವಿಬ್ಬರೂ ಕೂತು ಕಿಂಡಿಯಾಟ ಆಡುತ್ತಿದ್ದೆವು. ಎರಡೂ ಕೈಯ ತೋರುಬೆರಳು ಮಡಚಿ, ಉಗುರಿಗೆ ಉಗುರು ತಾಗಿಸಿ ಹಿಡಿದರೆ ನಡುವೆ ಎಳ್ಳುಕಾಳಿನಷ್ಟು ಕಿಂಡಿಯೊಂದು ಬಿಡುತ್ತದೆ. ನೀವೂ ಹಿಡಿದು ನೋಡಿ, ಬಿಡುತ್ತದೆ. ಆ ಕಿಂಡಿಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಚೆ ಏನು ಕಾಣುತ್ತದೆ ಅಂತ ಹೇಳಬೇಕು. ಕಂಡದ್ದನ್ನಲ್ಲ, ಬಾಯಿಗೆ ಬಂದದ್ದನ್ನು. ನಾನು ಆನೆ ಅಂದರೆ ಅವಳು "ಆನೆ ಮ್ಯಾಲೆ ನಿನ್ ಗಂಡ ಕುಂತವ್ನೆ ಕಣಮ್ಮಿ" ಅನ್ನುತ್ತಿದ್ದಳು. ಅಂಥ ಆಟ. ಒಂದು ದಿನ ಅವಳು ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಬಿಸಿಲಿಗೆ ಹಿಡಿದಳು. ಏನು ಕಾಣ್ತದೆ ಅತ್ತೆ ಅಂದೆ. "ಏನೂ ಇಲ್ಲ ಕಣಮ್ಮಿ, ನನ್ ಕಿಂಡಿ ಮುಚ್ಕೊಂಡದೆ," ಅಂದಳು. ನೋಡಿದೆ. ನಿಜ. ಅವಳ ಬೆರಳ ತುದಿ ಗುಂಡಗೆ ಊದಿಕೊಂಡಿತ್ತು, ಉಗುರು ಕವುಚಿ ಹಾಕಿದ ಚಮಚದ ಹಾಗೆ ಬಾಗಿತ್ತು. ಉಗುರಿಗೂ ಉಗುರಿಗೂ ಮಧ್ಯೆ ಒಂದು ಎಳೆ ಬೆಳಕೂ ಇರಲಿಲ್ಲ.

ಅವಳ ಕೆಮ್ಮಿನ ಬಗ್ಗೆ ಹೇಳಬೇಕು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು, ಗಡಿಯಾರದ ಸದ್ದಿನ ಹಾಗೆ ಅವರ ಕೆಮ್ಮು ಮನೆಗೆ ರೂಢಿಯಾಗಿರುತ್ತದೆ, ನಿಂತರೆ ಮಾತ್ರ ಏನೋ ಆಯಿತೆಂದು ತಿರುಗಿ ನೋಡುತ್ತೇವೆ. ಇದು ಮಳೆಗಾಲದ ಕೆಮ್ಮಲ್ಲ. ವರ್ಷಪೂರ್ತಿ, ದಿನಾ. ಬೆಳಗ್ಗೆ ಅತಿ ಹೆಚ್ಚು. ಒಲೆಬೂದಿ ಹಾಕಿದ ತೆಂಗಿನ ಕರಟವೊಂದು ಅವಳ ಪಕ್ಕ ಇರುತ್ತಿತ್ತು. ಬಿಸಿಲೇರುವಷ್ಟರಲ್ಲಿ ಅದು ತುಂಬುತ್ತಿತ್ತು, ಹಸಿರು ಹಳದಿ ಕಫ. ವರ್ಷದಲ್ಲಿ ಮೂರು ನಾಲ್ಕು ಸಲ ಜ್ವರ ಬಂದು ಮಲಗುತ್ತಿದ್ದಳು, ಮಾತ್ರೆ ನುಂಗಿ ಏಳುತ್ತಿದ್ದಳು, ಎದ್ದ ಮೇಲೂ ಕೆಮ್ಮು ಇದ್ದಲ್ಲೇ ಇರುತ್ತಿತ್ತು. ನೀರಿನ ಬಿಂದಿಗೆ ಹೊತ್ತು ಬಂದರೆ ಬಾಗಿಲಲ್ಲಿ ಕೂತು ಸುಧಾರಿಸಿಕೊಳ್ಳಬೇಕು. ಒಂದು ಸಲ ಅವಳ ಬೆನ್ನಿಗೆ ಕಿವಿಯಿಟ್ಟು ಮಲಗಿದ್ದೆ. ಒಳಗೆ ಚಟಪಟ ಚಟಪಟ ಅನ್ನುತ್ತಿತ್ತು. ನನಗೆ ದೃಷ್ಟಿಯಾದಾಗ ಅವ್ವ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳಲ್ಲ, ಅದೇ ಸದ್ದು. ಎದ್ದು ಕೂತೆ. "ಅತ್ತೆ, ನಿನ್ನೊಳ್ಗೆ ಯಾರೋ ಉಪ್ಪು ಸುಡ್ತಾವ್ರೆ," ಅಂದೆ. ಅವಳು ನಗಲಿಲ್ಲ.

ಆಮೇಲೆ ಅವಳೇ ಒಂದು ಉಪಾಯ ಕಂಡುಕೊಂಡಳು. ಜಗಲಿಯ ಅಂಚಿಗೆ ಎಡಮಗ್ಗುಲಾಗಿ ಮಲಗಿ, ಎದೆಯಿಂದ ಮೇಲಿನ ಭಾಗವನ್ನು ತೊಟ್ಟಿಯೊಳಕ್ಕೆ ಇಳಿಬಿಡುವುದು. ತಲೆ ಕೆಳಗಾಗಿ, ಜಡೆ ನೆಲಕ್ಕೆ ತಾಗಿ, ಹಾಗೆ ಸ್ವಲ್ಪ ಹೊತ್ತು ಇದ್ದರೆ ಕಫವೆಲ್ಲ ತಾನಾಗಿ ಬಾಯಿಗೆ ಬರುತ್ತಿತ್ತು. ಹಗುರಾಗ್ತದೆ ಅನ್ನುತ್ತಿದ್ದಳು. "ಇಂಗೆ ಮನೀಕಂಡು ನೋಡುದ್ರೆ ಎಲ್ರೂವೆ ಸೂರಿಂದ ನೇತಾಕಂಡಂಗೆ ಕಾಣ್ತೀರಿ ಕಣಮ್ಮಿ," ಅಂತ ಹೇಳಿದ್ದಳು. ನಾನೂ ಪಕ್ಕದಲ್ಲಿ ಮಲಗಿ ನೋಡಿದೆ. ಅವ್ವ ಸೂರಿನಲ್ಲಿ ನಡೆದುಕೊಂಡು ಹೋಗಿ ಸೂರಿನ ಮೇಲೆ ರಂಗೋಲಿ ಇಡುತ್ತಿದ್ದಳು. ಹೆದರಿಕೆಯಾಗಿ ಎದ್ದೆ.

ಹೀಗೆ ಅವಳು ಮಲಗಿದ್ದಾಗಲೇ ಒಂದು ಬೆಳಗ್ಗೆ ತಾತ ಹೊಲದಿಂದ ಬಂದರು. ಬಾಗಿಲಲ್ಲಿ ನಿಂತವರು ನಿಂತೇ ಬಿಟ್ಟರು. ಕೈಯಲ್ಲಿದ್ದ ಕುಡುಗೋಲು ಜಾರಿ ಬಿತ್ತು. "ಸಾಕೀ," ಅಂದರು. ಅಷ್ಟು ಮೆತ್ತಗಿನ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಅಜ್ಜಿಯೂ ಹೀಗೇ, ಇದೇ ಜಗಲಿಯ ಇದೇ ಅಂಚಿನಲ್ಲಿ, ಇದೇ ಮಗ್ಗುಲಿಗೆ ಮಲಗಿ ಕೆಮ್ಮುತ್ತಿದ್ದಳಂತೆ. ಅಪ್ಪ ಆಗ ಹುಡುಗ, ಅವನೂ ಕಂಡಿದ್ದ. ಆದರೆ ಒಂದೂವರೆ ವರ್ಷದ ಕೂಸು ಕಂಡು ನೆನಪಿಟ್ಟುಕೊಂಡೀತೇ? "ಇವಳ್ಗೆ ಯಾರ್ಲಾ ಏಳ್ಕೊಟ್ಟೋರು?" ಅಂತ ತಾತ ಅಪ್ಪನನ್ನು ಕೇಳಿದರು. ತಾತ ಜಗಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅತ್ತೆಯ ಕೈ ತೆಗೆದುಕೊಂಡರು. ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅಜ್ಜಿಯ ಬೆರಳೂ ಹೀಗೇ ಗುಂಡಗಿದ್ದವಂತೆ, ಉಂಗುರ ಹಾಕಿದರೆ ತೆಗೆಯಲು ಬರುತ್ತಿರಲಿಲ್ಲವಂತೆ. ಆಮೇಲೆ ಬಗ್ಗಿ ಅವಳ ಉಸಿರನ್ನು ಮೂಸಿದರು. ಕೊಳೆತ ಚೆಂಡುಹೂ. ಗುಂಡಿಯೊಳಗೆ ತಾವೇ ಸುರಿದದ್ದು. ತಾತ ಎರಡೂ ಕೈ ಮುಗಿದು ಗೊಳೋ ಅಂತ ಅತ್ತುಬಿಟ್ಟರು.

ಆಸ್ಪತ್ರೆಗೆ ಕರೆದುಕೊಂಡೇ ಹೋಗಲಿಲ್ಲ ಅಂತ ತಿಳಿಯಬೇಡಿ. ಅವ್ವನ ಕಾಟ ತಡೆಯಲಾರದೆ ಅಪ್ಪ, ತಾತ ಇಬ್ಬರೂ ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ಟಿಬಿ ಇರಬಹುದು ಅಂತ ಕಫ ತುಂಬಿಸಿ ತರಲು ಡಬ್ಬಿ ಕೊಟ್ಟರು. ಒಂದನ್ನು ಅತ್ತೆ ಕಿಟಕಿಯಲ್ಲಿಟ್ಟು ಮರೆತಿದ್ದಳು. ಸಂಜೆ ನೋಡಿದರೆ ಒಳಗಿನದು ಮೂರು ಪದರವಾಗಿ ನಿಂತಿತ್ತು, ಮೇಲೆ ನೊರೆ, ನಡುವೆ ನೀರು, ತಳದಲ್ಲಿ ಗಟ್ಟಿ ಕೀವು. ಮೂರು ಸಲ ಪರೀಕ್ಷೆ ಮಾಡಿದರೂ ಟಿಬಿ ಇಲ್ಲ ಅಂತ ಬಂತು. ಟಿಬಿ ಅಲ್ಲ, ಬೇರೆ ಏನೋ ಇದೆ, ಮೈಸೂರಿಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿ ಅಂದಿದ್ದರು. ತಾತ ಕೇಳಿಸಿಕೊಂಡದ್ದು ಮೊದಲ ಅರ್ಧ ಮಾತ್ರ. "ಕಾಯ್ಲೆ ಇಲ್ಲ ಅಂತ ದೊಡ್ಡಾಸ್ಪತ್ರೇಲೇ ಬರ್ಕೊಟ್ಟವ್ರೆ," ಅಂತ ಆ ಚೀಟಿಯನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗಿಟ್ಟರು. ಅವ್ವ ಮಾತ್ರ ಬಿಡಲಿಲ್ಲ, ಸ್ಕ್ಯಾನ್ ಸ್ಕ್ಯಾನ್ ಅಂತ ಒಂದು ತಿಂಗಳು ಗೊಣಗಿದಳು. ತಾತ ಒಂದು ದಿನ ಅವಳಿಗೆ ಹೇಳಿದ್ದು ನನಗೆ ಕೇಳಿಸಿತು: "ತಿರ್ಗಿ ಬಂದಿರೋ ಸಾಕಿ ಔಷ್ದಿ ಕೊಟ್ರೆ ಓಗ್ಬುಡ್ತಾಳೆ ಕಣವ್ವ. ಒಂದ್ಸಲ ಕಳ್ಸುದ್ದೀನಿ. ಇನ್ನೊಂದ್ಸಲ ಕಳ್ಸಕೆ ನನ್ ಕೈಲಾಗದಿಲ್ಲ." ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ವರ್ಷ ಹಿರಿಯರ ಹಬ್ಬಕ್ಕೆ, ಸತ್ತವರ ಹೆಸರಲ್ಲಿ ಎಡೆಯ ಮುಂದೆ ಹೊಸ ಬಟ್ಟೆ ಇಡುತ್ತೇವಲ್ಲ, ಅಜ್ಜಿಗೆಂದು ಇಟ್ಟ ಸೀರೆಯನ್ನು ತಾತ ಪೂಜೆಯಾದ ಮೇಲೆ ಅತ್ತೆಯ ಕೈಗೆ ಕೊಟ್ಟರು. ಉಟ್ಕೊಂಡು ಬಾ ಅಂದರು. ಇರುವವಳಿಗೆ ಎಡೆಯ ಸೀರೆ! ಅವ್ವನ ಮುಖ ಬಿಳಿಚಿಕೊಂಡಿತು. ಅತ್ತೆ ಉಟ್ಟು ಬಂದಳು. ಅಪ್ಪ ತನ್ನ ತಂಗಿಯ ಕಾಲಿಗೆ ಅಡ್ಡಬಿದ್ದ. ಅಂದಿನಿಂದ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲವಾದರು. ತಾತ ದಿನಾ ಬೆಳಗ್ಗೆ ಜಗಲಿಯ ಪಕ್ಕ ಕೂತು, ತಲೆಕೆಳಗಾಗಿ ಮಲಗಿದ್ದ ಮಗಳ ಜೊತೆ ಹೆಂಡತಿಯ ಜೊತೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಅರಿಸಿನ ಯಾವ ಹೊಲಕ್ಕೆ ಹಾಕನ, ಹಸು ಗಬ್ಬ ನಿಲ್ತದಾ, ಇಂಥವು. ಅವಳು ಕೆಮ್ಮಿನ ನಡುವೆ ಹೂಂ, ಊಹೂಂ ಅನ್ನುತ್ತಿದ್ದಳು. ತಾತ ಹತ್ತು ವರ್ಷ ಚಿಕ್ಕವರಾದ ಹಾಗೆ ಓಡಾಡುತ್ತಿದ್ದರು.

ನನಗೆ ಸಿಟ್ಟು. ನನ್ನ ಆಟದ ಜೊತೆಯವಳನ್ನು ಕಿತ್ತುಕೊಂಡರಲ್ಲ ಅಂತ. ಒಂದು ಮಧ್ಯಾಹ್ನ ಅವಳು ಒಬ್ಬಳೇ ಇದ್ದಾಗ ಸೀರೆ ಹಿಡಿದು ಜಗ್ಗಿ ಕೇಳಿಯೇಬಿಟ್ಟೆ. "ನೀನು ನೀನೇನಾ ಇಲ್ಲ ಅಜ್ಜೀನಾ?" ಅವಳು ನನ್ನನ್ನು ಹತ್ತಿರ ಎಳೆದುಕೊಂಡಳು. ಎದೆಯೊಳಗೆ ಉಪ್ಪು ಸಿಡಿಯುತ್ತಿತ್ತು. "ನಾನೇ ಕಣಮ್ಮಿ. ಅಲ್ಲ ಅಂದ್ಬುಟ್ರೆ ಅಪ್ಪ ಅಳ್ತದೆ. ಅದೂ ಅಲ್ದೆ, ಮೊದ್ಲು ನಾನು ಕೆಮ್ಮುದ್ರೆ ಎಲ್ರೂ ಮೂಗು ಮುಚ್ಕತಿದ್ರು. ಈಗ ಕೈ ಮುಗೀತಾರೆ. ನೀನೇ ಏಳು, ಯಾವುದು ವಾಸಿ?" ಅಂದಳು. ಎರಡೂ ಬೇಡ, ಆಡನ ಬಾ ಅಂದೆ. ಅವಳು ಬೆರಳು ಹಿಡಿಯಲಿಲ್ಲ.

ಒಂದು ಸಂಗತಿಗೆ ಮಾತ್ರ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಮನೆಯವರೆಲ್ಲ ಅರಿಸಿನ ಬೇಯಿಸಲು ಹೊಲಕ್ಕೆ ಹೋಗಿದ್ದ ದಿನ. ಅತ್ತೆಗೆ ಜ್ವರ. ಜಗಲಿಯ ಅಂಚಿನಲ್ಲಿ ತಲೆ ಇಳಿಬಿಟ್ಟು ಮಲಗಿದ್ದಳು, ನಾನು ಕಂಬಕ್ಕೆ ಒರಗಿ ಮಗ್ಗಿ ಬರೆಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ, ಅವಳದಲ್ಲದ ದಪ್ಪ ದನಿಯಲ್ಲಿ, "ಒಲೆ ಮ್ಯಾಲೆ ಆಲಿಟ್ಟಿದ್ದೆ, ಉಕ್ಕೋಯ್ತಾ ನೋಡು," ಅಂದಳು. ಓಡಿ ಹೋಗಿ ನೋಡಿದೆ. ಒಲೆ ತಣ್ಣಗಿತ್ತು, ಹಾಲೂ ಇಲ್ಲ, ಪಾತ್ರೆಯೂ ಇಲ್ಲ. ಸಂಜೆ ಅವ್ವನಿಗೆ ಹೇಳಿದೆ. ಅವ್ವ ನನ್ನ ಬಾಯಿ ಮುಚ್ಚಿದಳು. ಅಜ್ಜಿ ಕುಸಿದು ಬಿದ್ದ ದಿನ ಒಲೆಯ ಮೇಲೆ ಹಾಲಿತ್ತಂತೆ, ಉಕ್ಕಿ ಒಲೆಯೇ ಆರಿಹೋಗಿತ್ತಂತೆ. ಅತ್ತೆಯನ್ನು ಕೇಳಿದರೆ ನಾನು ಹಂಗಂದೇ ಇಲ್ಲ ಅಂದಳು. ಜ್ವರದ ಮಾತು ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ. ಆದರೂ ಇಂದಿಗೂ ಒಲೆ ಮೇಲೆ ಹಾಲಿಟ್ಟು ನಾನು ಆಚೆ ಈಚೆ ಹೋಗುವವಳಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಕರಟದ ಬೂದಿಯಲ್ಲಿ ಒಂದು ದಿನ ಕೆಂಪು ಕಂಡಿತು. ಮೊದಲು ಎಳೆ ಎಳೆ, ಆಮೇಲೆ ಚಮಚದಷ್ಟು. ನಾನು ನೋಡಿದ್ದನ್ನು ಅವಳು ನೋಡಿದಳು. ಅದರ ಮೇಲೆ ಬೇಗ ಬೇಗ ಬೂದಿ ಎಳೆದು, "ಯಾರ್ಗೂ ಏಳ್ಬೇಡ. ಅಂಗ್ಡಿಗೋಗಿ ಎಲೆ ಅಡ್ಕೆ ತತ್ತಾ," ಅಂದಳು. ಎಲೆ ಅಡಿಕೆ ಅವಳಿಗೆ ಎಂದೂ ಸೇರುತ್ತಿರಲಿಲ್ಲ. ಹಾಕುತ್ತಿದ್ದವಳು ಅಜ್ಜಿ. ಅಂದಿನಿಂದ ಅತ್ತೆಯ ಬಾಯಿ ಸದಾ ಕೆಂಪು, ಅವಳು ಉಗುಳಿದ್ದು ಯಾವುದರ ಕೆಂಪು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾತನಿಗಂತೂ ಹಿಗ್ಗೋ ಹಿಗ್ಗು, ಸಾಕಿ ಪೂರಾ ಬಂದ್ಬುಟ್ಲು ಅಂತ. ಗೊತ್ತಿದ್ದವಳು ನಾನೊಬ್ಬಳು. ದಿನಾ ಅಂಗಡಿಗೆ ಹೋಗಿ ಎಲೆ ತಂದು ಕೊಟ್ಟವಳು ನಾನು, ಈ ಕೈಯಲ್ಲಿ. ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ. ಅಯ್ಯೋ, ಎಂಥ ದೊಡ್ಡ ಮನುಷ್ಯಳು ನಾನು! ಅವತ್ತೇ ಅವ್ವನ ಹತ್ತಿರ ಬಾಯಿಬಿಟ್ಟು ಒಂದು ಏಟು ತಿಂದಿದ್ದರೆ ಆಗುತ್ತಿತ್ತು.

ಮಾಗಿ ಚಳಿ. ಸ್ಕೂಲಿಗೆ ಹೊರಟಿದ್ದೆ. ಜಗಲಿಯಲ್ಲಿ ಮಲಗಿದ್ದ ಅತ್ತೆ ಒಂದು ಸಲ ಕೆಮ್ಮಿದಳು, ಇನ್ನೊಂದು ಸಲ ಕೆಮ್ಮಿದಳು, ತೊಟ್ಟಿ ಕೆಂಪಾಯಿತು. ಇದನ್ನು ಎಲೆ ಅಡಿಕೆ ಅನ್ನಲು ತಾತನಿಂದಲೂ ಆಗಲಿಲ್ಲ. ಪಕ್ಕದ ಮನೆಯವರ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು, ನಾನು ಅವ್ವನ ಸೀರೆ ಬಿಡಲಿಲ್ಲವಾದ್ದರಿಂದ ನನ್ನನ್ನೂ ಕರೆದುಕೊಂಡರು. ಅಲ್ಲಿದ್ದ ಲೇಡಿ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಅವಳ ಎರಡೂ ಕೈ ಎತ್ತಿ, ತೋರುಬೆರಳು ಮಡಚಿ, ಉಗುರಿಗೆ ಉಗುರು ತಾಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಮ್ಮ ಆಟ! ಇವರಿಗೆ ಯಾರು ಹೇಳಿಕೊಟ್ಟರು? ಚಿಕ್ಕವಳಿದ್ದಾಗ ನಾಯಿಕೆಮ್ಮು ಬಂದಿತ್ತಾ ಅಂತ ಕೇಳಿದರು, ಬಂದಿತ್ತು. ಬೆಳಗ್ಗೆ ಹೆಚ್ಚು ಕಫವಾ, ವಾಸನೆ ಇತ್ತಾ, ಮಲಗಿದ ಮಗ್ಗುಲಿನ ಮೇಲೆ ಹೆಚ್ಚು ಕಮ್ಮಿ ಆಗುತ್ತಿತ್ತಾ, ಎಷ್ಟು ವರ್ಷದಿಂದ. ಅವರು ನಮ್ಮ ತೊಟ್ಟಿಯಲ್ಲಿ ನಿಂತು ನೋಡಿದವರ ಹಾಗೆ ಒಂದೊಂದಾಗಿ ಕೇಳುತ್ತಾ ಹೋದರು. ಬ್ರಾಂಕಿಯೆಕ್ಟಾಸಿಸ್ ಅಂತ ಹೆಸರು ಹೇಳಿದರು. ಶ್ವಾಸಕೋಶದೊಳಗಿನ ಕೊಳವೆಗಳು ಹಿಗ್ಗಿ ಸಡಿಲಾಗಿಬಿಡುತ್ತವೆ, ಕಫ ಮೇಲೆ ಬರಲಾರದೆ ಅಲ್ಲೇ ನಿಂತು ಕೊಳೆಯುತ್ತದೆ, ಬೆರಳು ಹೀಗೆ ಊದಿ ಉಗುರ ನಡುವಿನ ಕಿಂಡಿ ಮುಚ್ಚುವುದು ಅದರಿಂದಲೇ ಅಂದರು. ಇಷ್ಟು ಕಾಯಬಾರದಾಗಿತ್ತು ಅಂದರು. ತಾತ ಒಂದೇ ಮಾತು ಕೇಳಿದರು. "ಇವಳವ್ವಂಗೂ ಬೆರಳು ಇಂಗೇ ಇದ್ವು. ಆಗ್ಲೂ ಇದೇಯಾ?" ಇರಬಹುದು ಅಂದರು ಡಾಕ್ಟರು.

ಗೌರತ್ತೆ ಮಾರನೆಯ ದಿನ ಮಧ್ಯಾಹ್ನದವರೆಗೂ ಇದ್ದಳು. ಅವಳನ್ನು ಅಜ್ಜಿಯ ಪಕ್ಕ ಮಣ್ಣು ಮಾಡುವಾಗ ಯಾರೋ ಚೆಂಡುಹೂ ತಂದಿದ್ದರು, ತಾತ ಅದನ್ನು ಬೇಲಿಯಾಚೆ ಎಸೆಸಿದರು. ಮನೆಗೆ ಬಂದು ಜಗಲಿಯ ಆ ಅಂಚಿನಲ್ಲಿ ಕೂತು, "ಒಬ್ಳೇ ಎಡ್ತೀನ ಎರಡ್ಸಲ ಸಾಯಿಸ್ಬುಟ್ಟೆ ಅಂದ್ಕಂಡಿದ್ದೆ," ಅಂದರು. ಆಮೇಲೆ, "ಸತ್ತಿದ್ದು ನನ್ ಮಗ್ಳು," ಅಂದರು. ಅಷ್ಟು ದಿನದಲ್ಲಿ ಅವರು ಮಗಳು ಅಂದದ್ದು ಅದೇ ಮೊದಲು. ಮುಂದಿನ ಮಳೆಗಾಲದಲ್ಲಿ ಅವರೂ ಹೋದರು. ಅವ್ವ ಹೋಗಿ ಆರು ವರ್ಷವಾಯಿತು. ಮನೆಯ ಜಾಗದಲ್ಲಿ ಈಗ ಅರಿಸಿನದ ಗೋಡೌನು, ತೊಟ್ಟಿಯ ಮೇಲೆ ಕಾಂಕ್ರೀಟು ಬಿದ್ದಿದೆ.

ನಾನೀಗ ಉಮ್ಮತ್ತೂರಿನಲ್ಲಿ ಅಂಗನವಾಡಿ ಟೀಚರು. ಮನೆಯಲ್ಲಿ ನಾನು, ನನ್ನ ಗಂಡ, ಅಪ್ಪ. ಸೋಮವಾರ ಮಕ್ಕಳ ಉಗುರು ನೋಡುವಾಗ ಎಲ್ಲರ ಕೈಯಲ್ಲೂ ಕಿಂಡಿ ಹಿಡಿಸುತ್ತೇನೆ. ಅವು ಆನೆ, ಜೆಸಿಬಿ, ಅಮ್ಮ ಅಂತ ಕೂಗುತ್ತವೆ, ನಾನು ಕಿಂಡಿಯನ್ನು ನೋಡುತ್ತೇನೆ. ಹೋದ ವರ್ಷದಿಂದ ನನಗೂ ಕೆಮ್ಮು. ಮಕ್ಕಳದ್ದು ಅಂಟಿಕೊಂಡಿರಬೇಕು ಅಂತ ಮೊದಲು ಸುಮ್ಮನಿದ್ದೆ. ಎರಡು ತಿಂಗಳಾದರೂ ಹೋಗಲಿಲ್ಲ, ಬೆಳಗಿನ ಹೊತ್ತು ಕಫ ಜಾಸ್ತಿಯಾಯಿತು, ಒಂದು ದಿನ ಅದರಲ್ಲಿ ವಾಸನೆ ಬಂತು. ವಾಸನೆ ಬಂದ ದಿನವೇ ಬಸ್ಸು ಹತ್ತಿದೆ. ಸ್ಕ್ಯಾನ್ ಆಯಿತು, ಹೆಸರೂ ಅದೇ ಬಂತು. ಕೆಲವು ಮನೆತನಗಳಲ್ಲಿ ಹೀಗೆ ಬರುವುದುಂಟು, ನಿಮ್ಮದು ಬೇಗ ಗೊತ್ತಾಗಿದೆ, ಪೂರ್ತಿ ವಾಸಿಯಾಗದಿದ್ದರೂ ಹಿಡಿತದಲ್ಲಿಡಬಹುದು ಅಂದರು. ಮಾತ್ರೆ ಕೊಟ್ಟರು. ಫಿಸಿಯೋಥೆರಪಿಯ ಹುಡುಗಿ ಮಂಚದ ಅಂಚಿನಲ್ಲಿ ಮಗ್ಗುಲಾಗಿ ಮಲಗಿಸಿ, ತಲೆ ಕೆಳಗೆ ಬಿಡಿಸಿ, ದಿನಾ ಬೆಳಗ್ಗೆ ಹೀಗೆ ಮಾಡಿ ಮೇಡಂ, ಕಫ ಇಳಿದು ಬರುತ್ತೆ, ಮನೆಯವರು ಯಾರಾದರೂ ಬೆನ್ನು ತಟ್ಟಲಿ ಅಂತ ಹೇಳಿಕೊಟ್ಟಳು. ಗೊತ್ತು ಕಣಮ್ಮ ಅಂದೆ.

ಅಪ್ಪನಿಗೆ ಇದನ್ನೆಲ್ಲ ಹೇಳಿರಲಿಲ್ಲ. ಎಪ್ಪತ್ತು ದಾಟಿದ ಜೀವ, ಯಾಕೆ ಅಂತ. ನಿನ್ನೆ ಬೆಳಗ್ಗೆ ಗಂಡ ಹಾಲು ತರಲು ಹೋಗಿದ್ದಾಗ ನಾನು ಮಂಚದ ಅಂಚಿನಲ್ಲಿ ತಲೆ ಇಳಿಬಿಟ್ಟು ಮಲಗಿದ್ದೆ. ಬಾಗಿಲಲ್ಲಿ ಅಪ್ಪ ಬಂದು ನಿಂತ. ಸೂರಿನಿಂದ ನೇತುಹಾಕಿದ ಹಾಗೆ ಕಾಣುತ್ತಿದ್ದ, ಪಂಚೆ, ಕಾಲು, ಆಮೇಲೆ ಮುಖ. ಕೈಯಲ್ಲಿ ಕಾಫಿ ಲೋಟ. ಅವನ ತುಟಿ ಅಲುಗಿತು. ಅವ್ವಾ ಅನ್ನುತ್ತಾನೋ, ಗೌರೀ ಅನ್ನುತ್ತಾನೋ, ಯಾವ ಹೆಸರಾದರೂ ಸರಿ, ಬಾಯಿಂದ ಬಿದ್ದರೆ ಮುಗಿಯಿತು. ಕೆಮ್ಮು ನುಂಗಿಕೊಂಡು ಅಂದೆ, "ನಾನು ಕಣಪ್ಪ. ಮಂಜಿ. ನನ್ಗೆ ಕಾಯ್ಲೆ. ಔಷ್ದಿ ತಗತಾ ಇವ್ನಿ."

ಅಪ್ಪ ಲೋಟ ಕೆಳಗಿಟ್ಟ. ಬಂದು ನನ್ನ ತಲೆಯ ಪಕ್ಕ, ನೆಲದ ಮೇಲೆ, ಮಂಡಿ ನೋಯುತ್ತಿದ್ದರೂ ಕುಕ್ಕರಗಾಲಲ್ಲೇ ಕೂತ. ನನ್ನ ಎರಡೂ ಕೈ ತೆಗೆದುಕೊಂಡು, ಅಂದು ಆ ಡಾಕ್ಟರು ಹಿಡಿದ ಹಾಗೇ ತೋರುಬೆರಳು ಮಡಚಿ, ಉಗುರಿಗೆ ಉಗುರು ತಾಗಿಸಿ ಕಿಟಕಿಯ ಕಡೆ ಹಿಡಿದ. ಅವನಿಗೆ ಪೊರೆ ಬಂದ ಕಣ್ಣು.

"ಕಿಂಡಿ ಅದಾ?" ಅಂದ. "ನನ್ಗೆ ಕಾಣದಿಲ್ಲ, ನೀನೇ ನೋಡ್ಕಂಡು ಏಳು."

ನೋಡಿದೆ. ಕೂದಲೆಳೆಯಷ್ಟು ಬೆಳಕಿತ್ತು.

"ಅದೆ ಕಣಪ್ಪ," ಅಂದೆ.

ಅವನು ಬೆರಳು ಬಿಡಲಿಲ್ಲ. "ದಿನಾ ಏಳು," ಅಂದು, ಇನ್ನೊಂದು ಕೈಯಿಂದ ನನ್ನ ಬೆನ್ನು ತಟ್ಟತೊಡಗಿದ.